ಹನ್ನೊಂದು ಸೆಕೆಂಡಿನ ಲೊರೇನ್

ಅಂಗಡಿಯಲ್ಲಿ ನಿಂತು ಅಳುವ ಪೈಕಿಯವಳಲ್ಲ ನಾನು. ಸಿನಿಮಾ ನೋಡಿ ಅಳುವುದಿಲ್ಲ, ಮದುವೆಮನೆಯಲ್ಲಿ ಹೆಣ್ಣು ಒಪ್ಪಿಸಿಕೊಡುವಾಗಲೂ ಅಳುವುದಿಲ್ಲ. ಇದಕ್ಕಾಗಿ ಅತ್ತೆಮನೆ ಕಡೆಯವರು ನನ್ನನ್ನು ಕಲ್ಲು ಎಂದು ಕರೆದದ್ದೂ ಉಂಟು. ಹೋದ ಶನಿವಾರ ಸ್ಯಾನ್ ಡಿಯಾಗೋದ ಪೆನಾಸ್ಕಿಟೋಸ್‌ನಲ್ಲಿ ಮನೆ ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟು ಆರಿಸುತ್ತಾ ನಿಂತಿದ್ದೆ. ತಲೆಯ ಮೇಲಿನ ಸ್ಪೀಕರಿನಲ್ಲಿ ಆ ಹಾಡು ಶುರುವಾಯಿತು. ಸೊಪ್ಪಿಗೆ ನೀರು ಚಿಮುಕಿಸುವ ಯಂತ್ರವೂ ಅದೇ ಹೊತ್ತಿಗೆ ಚಾಲೂ ಆಗಿ ನನ್ನ ತೋಳೆಲ್ಲ ನೆನೆಯಿತು. ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಹೊಳೆಯಲೇ ಇಲ್ಲ.

ಹಾಡಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಓದುವುದನ್ನು ಬಿಟ್ಟು ಫೋನ್ ತೆಗೆಯುತ್ತೀರಿ. ಐವತ್ತು ವರ್ಷದ ಹಿಂದೆ ಲಾಸ್ ಏಂಜಲೀಸಿನ ಒಂದು ಸಣ್ಣ ಸ್ಟುಡಿಯೋದಲ್ಲಿ ರೆಕಾರ್ಡ್ ಆದ ಸೋಲ್ ಹಾಡು ಅದು. ಕರಿಯರ ಚರ್ಚಿನ ಭಜನೆಯನ್ನು ಎತ್ತಿಕೊಂಡು ಹೋಗಿ ಪ್ರೀತಿಗೆ ಹಚ್ಚಿದರೆ ಹೇಗಿರುತ್ತದೋ ಹಾಗೆ. ನಿಧಾನದ ನಡೆ, ಹಿಂದೆ ಆರ್ಗನ್, ಒಬ್ಬ ಗಂಡಸು ಗಂಟಲು ಒಡೆಯುವ ಹಾಗೆ ಬೇಡಿಕೊಳ್ಳುತ್ತಾನೆ, ಮೂವರು ಹೆಂಗಸರು ಅವನಿಗೆ ಉತ್ತರ ಕೊಡುತ್ತಾರೆ. ಕೊನೆಗೆ ಅವನು ಸುಮ್ಮನಾಗುತ್ತಾನೆ, ಇಬ್ಬರು ಹೆಂಗಸರೂ ಸುಮ್ಮನಾಗುತ್ತಾರೆ. ಮೂರನೆಯವಳು ಮಾತಿಲ್ಲದ ಒಂದು ಸ್ವರ ಹಿಡಿದು ನಿಲ್ಲಿಸುತ್ತಾಳೆ. ಹನ್ನೊಂದು ಸೆಕೆಂಡು. ಆಮೇಲೆ ಹಾಡು ಮುಗಿಯುತ್ತದೆ. ಆ ಮೂರನೆಯವಳ ಹೆಸರು ಲೊರೇನ್. ರೆಕಾರ್ಡಿನ ಹೊದಿಕೆಯ ಮೇಲೆ ಆ ಹೆಸರಿಲ್ಲ.

ನನಗೆ ಅದು ಗೊತ್ತಾದದ್ದು ಎರಡು ಸಾವಿರದ ಇಪ್ಪತ್ತೊಂದರ ಬೇಸಗೆಯಲ್ಲಿ. ಸ್ಯಾನ್ ಡಿಯಾಗೋದಲ್ಲಿ ಮೇ ಜೂನ್ ತಿಂಗಳ ಬೆಳಗು ಬೆಳಗೇ ಅಲ್ಲ. ಸಮುದ್ರದ ಕಡೆಯಿಂದ ಮೋಡ ಬಂದು ಮಧ್ಯಾಹ್ನದವರೆಗೂ ಕೂತಿರುತ್ತದೆ. ಮಳೆ ಮಾತ್ರ ಬರುವುದಿಲ್ಲ. ಹೊಸದಾಗಿ ಬಂದವರು ದಿನವೂ ಕೊಡೆ ಹಿಡಿದು ಬೆಪ್ಪಾಗುತ್ತಾರೆ. ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಪರೀಕ್ಷೆ ಮಾಡಿ, ಹಿಯರಿಂಗ್ ಏಡ್ ಹಾಕಿ, ಅದನ್ನು ಕಂಪ್ಯೂಟರಿಗೆ ಜೋಡಿಸಿ ಆಯಾ ಮನುಷ್ಯನ ಕಿವಿಗೆ ಹದ ಮಾಡಿಕೊಡುವವಳು. ಮೈಸೂರಿನಲ್ಲಿ ಓದಿ, ಇಲ್ಲಿಗೆ ಬಂದು ಮತ್ತೆ ಓದಿ, ಇಪ್ಪತ್ತು ವರ್ಷದಿಂದ ಇದೇ ಕೆಲಸ. ಆ ವರ್ಷ ಕ್ಲಿನಿಕ್ಕಿಗೆ ಎಂದೂ ಇಲ್ಲದ ಜನ. ಎಷ್ಟೋ ಮುದುಕರು ತುಟಿ ನೋಡಿಕೊಂಡೇ ಮಾತು ಅರ್ಥ ಮಾಡಿಕೊಳ್ಳುತ್ತಿದ್ದರು. ತಾವು ಹಾಗೆ ಮಾಡುತ್ತಿದ್ದೇವೆ ಎಂದು ಅವರಿಗೇ ಗೊತ್ತಿರಲಿಲ್ಲ. ಎಲ್ಲರೂ ಮಾಸ್ಕ್ ಹಾಕಿದ್ದೇ ತಡ, ಊರಿಗೆ ಊರೇ ಗೊಣಗಲು ಶುರುಮಾಡಿದೆ ಎಂದು ದೂರಿಕೊಂಡು ಬಂದರು.

ಹಾಗೆ ಬಂದವರಲ್ಲಿ ಮಿಸ್ಟರ್ ಅರ್ನೆಸ್ಟ್ ಒಬ್ಬರು. ಎಂಬತ್ತರ ಹತ್ತಿರದ ವಯಸ್ಸು, ಉದ್ದ ಆಳು, ಇಸ್ತ್ರಿ ಮಾಡಿದ ಅಂಗಿ, ಕಂದು ಹ್ಯಾಟು. ಜೊತೆಗೆ ಮಗಳು ಡೆನೀಸ್. ಲೊರೇನ್ ಅವರ ಹೆಂಡತಿ. ಆ ಜನವರಿಯಲ್ಲಿ ಕೋವಿಡ್ ಬಂದು ಲಾಸ್ ಏಂಜಲೀಸಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಗಂಡನನ್ನು ಒಳಗೆ ಬಿಟ್ಟಿರಲಿಲ್ಲ. ಅಪ್ಪ ಒಬ್ಬರೇ ಇರುವುದು ಬೇಡ ಎಂದು ಡೆನೀಸ್ ಅವರನ್ನು ಸ್ಯಾನ್ ಡಿಯಾಗೋದ ತನ್ನ ಮನೆಗೆ ಕರೆತಂದಿದ್ದಳು. ನಾನು ಮಾತಾಡಿಸುವಾಗಲೂ ಅವರ ಎಡಗೈ ಬೆರಳು ಮಂಡಿಯ ಮೇಲೆ ಒಂದೊಂದಾಗಿ ಒತ್ತುತ್ತಲೇ ಇತ್ತು. ಏನು ನುಡಿಸುತ್ತಿದ್ದಿರಿ ಎಂದು ಕೇಳಿದೆ. ಅವರು ಮೊದಲ ಸಲ ನನ್ನ ಮುಖ ನೋಡಿದರು.

"ಬೇಸ್ ಗಿಟಾರ್. ಹೇಗೆ ಗೊತ್ತಾಯ್ತು ಡಾಕ್?"

"ನಮ್ಮಪ್ಪ ಪಿಟೀಲು ನುಡಿಸ್ತಾರೆ. ಅವರ ಬೆರಳೂ ಹೀಗೇ, ಸುಮ್ನಿರಲ್ಲ."

ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ನನ್ನ ನೆನಪಿನಲ್ಲಿ ಮಾತ್ರ ಅದು ಹೇಗೋ ಕನ್ನಡವಾಗಿ ಕೂತುಬಿಟ್ಟಿದೆ.

ಕಿವಿಗೆ ಅಚ್ಚು ತೆಗೆದು ಮೆಷಿನ್ ಹಾಕಿದೆ. ಹದಿನೈದು ದಿನ ಬಿಟ್ಟು ಬಂದರು. ಮಾತು ಚೆನ್ನಾಗಿ ಕೇಳಿಸುತ್ತಿದೆ, ಆದರೆ ಅಪ್ಪ ತಲೆ ತಿರುಗಿಸಿದರೆ ಮೆಷಿನ್ ಶಿಳ್ಳೆ ಹೊಡೆಯುತ್ತದೆ ಎಂದಳು ಡೆನೀಸ್. ಶಿಳ್ಳೆ ತಡೆಯುವ ಸೆಟ್ಟಿಂಗನ್ನು ಕೊನೆಯವರೆಗೂ ಏರಿಸಿದೆ. ಹಿನ್ನೆಲೆ ಸದ್ದು ತಗ್ಗಿಸುವ ಸೆಟ್ಟಿಂಗನ್ನೂ ಏರಿಸಿದೆ. ಇನ್ನೂ ಹದಿನೈದು ದಿನಕ್ಕೆ ಅರ್ನೆಸ್ಟ್ ಒಬ್ಬರೇ ಬಂದರು. ಜೇಬಿನಿಂದ ಪುಟ್ಟ ಸ್ಪೀಕರ್ ತೆಗೆದು ಮೇಜಿನ ಮೇಲಿಟ್ಟು ಆ ಹಾಡು ಹಾಕಿದರು.

"ಹಾಡು ಬರುತ್ತೆ. ಅವಳು ಬರಲ್ಲ," ಅಂದರು. "ಶುರುವಾಗ್ತಾಳೆ, ಹೋಗಿಬಿಡ್ತಾಳೆ."

ಆಗ ಹೇಳಿದ್ದು ಅವರು ಲೊರೇನ್ ಕಥೆ. ಆ ಹಾಡಿಗೆ ಬೇಸ್ ನುಡಿಸಿದ್ದು ಅವರೇ. ರೆಕಾರ್ಡಿಂಗ್ ದಿನ ಆ ಕೊನೆಯ ಸ್ವರ ಮುಗಿದದ್ದೇ, ಎಲ್ಲರೆದುರಿಗೆ ಅವರು ಅಂದಿದ್ದರಂತೆ: ಹುಡುಗಿ ಶ್ರುತಿ ಬಿಟ್ಟಿದ್ದಾಳೆ, ಕೆಳಗೆ ಜಾರಿದ್ದಾಳೆ, ಇನ್ನೊಂದು ಸಲ ಮಾಡಿಸಿ. ಸ್ಟುಡಿಯೋದ ಹೊತ್ತು ಮುಗಿದಿತ್ತು. ಅದನ್ನೇ ಇಟ್ಟುಕೊಂಡರು. ಹಾಡು ಹೊರಗೆ ಬಂತು. ಆ ಬೇಸಗೆ ಲಾಸ್ ಏಂಜಲೀಸಿನಲ್ಲಿ ಕಿಟಕಿ ಇಳಿಸಿದ ಕಾರಿನಲ್ಲೆಲ್ಲ ಅದೇ ಹಾಡು. ಕೆಂಪು ದೀಪಕ್ಕೆ ನಿಂತ ಕಾರುಗಳು ಕೊನೆಯ ಸ್ವರ ಮುಗಿಯುವ ತನಕ, ಹಸಿರು ಬಂದರೂ ಹೊರಡುತ್ತಿರಲಿಲ್ಲವಂತೆ. ದೇವರ ರಾಗ ತಗೊಂಡು ಹೋಗಿ ಏನು ಮಾಡಿಬಿಟ್ಟರು ಎಂದು ಚರ್ಚಿನಲ್ಲಿ ಹಿರಿಯರು ಬೈದರು. ಅವರ ಮಕ್ಕಳು ಅದನ್ನೇ ಮದುವೆಗಳಲ್ಲಿ ಹಾಕಿಸಿದರು. ರೇಡಿಯೋದವರಿಗೆ ಬಂದ ಕಾಗದಗಳಲ್ಲೆಲ್ಲ ಒಂದೇ ಪ್ರಶ್ನೆ, ಕೊನೆಯಲ್ಲಿ ಹಾಡುವವಳು ಯಾರು?

"ಅಷ್ಟೊತ್ತಿಗೆ ನಮಗೆ ಮದುವೆ ಆಗಿತ್ತು. ನಾನು ಮನೇಲಿ ತಮಾಷೆಗೆ ಅಂತಿದ್ದೆ, ಊರೆಲ್ಲ ಮೆಚ್ಚಿದರೂ ನೀನು ಫ್ಲಾಟೇ, ಶ್ರುತಿಗಿಂತ ಕೆಳಗೇ ಅಂತ. ಐವತ್ತು ವರ್ಷ ಅಂದೆ. ಅವಳು ಒಂದು ದಿನವೂ ನಗಲಿಲ್ಲ. ಸ್ಟುಡಿಯೋಗೂ ಮತ್ತೆ ಹೋಗಲಿಲ್ಲ. ಭಾನುವಾರ ಚರ್ಚಲ್ಲಿ ಹಾಡೋಳು, ಅಷ್ಟೇ."

ಆಸ್ಪತ್ರೆಯಲ್ಲಿ ನರ್ಸ್ ಲೊರೇನ್ ಕಿವಿಗೆ ಫೋನ್ ಹಿಡಿದಿದ್ದಳಂತೆ. ಅವರು ಮನೆಯ ವಿಷಯ, ನಾಯಿಯ ವಿಷಯ, ಮಗಳ ವಿಷಯ ಹೇಳಿದರು. ಇದೊಂದನ್ನು ಹೇಳಲಿಲ್ಲ.

"ಸಾರಿ ಹೇಳಬಹುದಿತ್ತಲ್ಲ," ಅಂದೆ.

"ಕೇಳಿ ನೋಡದೆ ಹೇಳಿದರೆ ಅದು ಸಾರಿ ಅಲ್ಲ ಡಾಕ್, ಸಮಾಧಾನ. ಅವಳಿಗೆ ಎರಡರ ವ್ಯತ್ಯಾಸ ಗೊತ್ತಿತ್ತು. ನನಗೆ ಒಂದು ಸಲ ಸರಿಯಾಗಿ ಕೇಳಬೇಕು. ಅವಳು ತಪ್ಪಿದ್ಲಾ, ನಾನು ತಪ್ಪಿದ್ನಾ? ಅಷ್ಟು ತಿಳಿದರೆ ಸಾಕು."

ನಾನು ಕಂಪ್ಯೂಟರಿನಲ್ಲಿ ಅವರ ಕಿವಿಯ ಗ್ರಾಫ್ ತೆರೆದೆ. ತೆರೆದೆ ಅಷ್ಟೇ, ಸರಿಯಾಗಿ ನೋಡಲಿಲ್ಲ. ಗೆರೆ ಬಲಗಡೆ ದಡಾರನೆ ಇಳಿದಿತ್ತು. ಎತ್ತರದ ಸ್ವರಗಳು ಹೋಗಿರುವ ಕಿವಿ, ಇಷ್ಟು ವಯಸ್ಸು, ಡ್ರಮ್ಮಿನ ಪಕ್ಕದಲ್ಲಿ ಕಳೆದ ಜೀವನ. ನನ್ನ ಹತ್ತಿರ ಇಂಥವರಿಗೆಂದೇ ಒಂದು ವಾಕ್ಯವಿತ್ತು, ವರ್ಷಗಳಿಂದ ಹೇಳಿ ಹೇಳಿ ನಯವಾದದ್ದು. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು. ಅವರ ಕೈಮೇಲೆ ಕೈಯಿಟ್ಟು ಅದನ್ನೇ ಹೇಳಿದೆ: "ಮೆಷಿನ್ ಇರೋದನ್ನ ದೊಡ್ಡದು ಮಾಡುತ್ತೆ, ಹೋಗಿರೋದನ್ನ ತರಲ್ಲ. ಆ ಸ್ವರ ಇದ್ದ ಜಾಗ ಈಗ ನಿಮ್ಮ ಕಿವಿಯಲ್ಲಿ ಇಲ್ಲ."

ಅವರು ಸ್ಪೀಕರನ್ನು ಜೇಬಿಗಿಟ್ಟುಕೊಂಡರು. ಹೊರಡುವಾಗ ತಿರುಗಿ ನಿಂತರು.

"ಮನೇಲಿ ಒಂದು ಶೂ ಡಬ್ಬ ಇದೆ. ಅವಳು ಚರ್ಚಲ್ಲಿ ಹಾಡಿದ ಕ್ಯಾಸೆಟ್ಟುಗಳು. ಅದೂ ಹೀಗೇನಾ?"

"ಹೀಗೇ ಇರುತ್ತೆ," ಅಂದೆ. ಮುಂದಿನ ಪೇಶೆಂಟ್ ಕಾಯುತ್ತಿದ್ದರು.

ಮನೆಯಲ್ಲಿ ಮಗಳು ತನ್ವಿಗೆ ಈ ಹಾಡು ಕೇಳಿದ್ದೀಯಾ ಎಂದೆ. "ಅಮ್ಮಾ, ಎವ್ರಿಬಡಿ ನೋಸ್ ದಟ್ ಸಾಂಗ್!" ಎಂದು ಫೋನ್ ತೋರಿಸಿದಳು. ಪ್ರಪಂಚದ ಹುಡುಗ ಹುಡುಗಿಯರೆಲ್ಲ ಆ ಕೊನೆಯ ಸ್ವರಕ್ಕೆ ತುಟಿ ಆಡಿಸುತ್ತಿದ್ದರು. ಯಾರೋ ಕಿಟಕಿ ಪರದೆ ಸರಿಸುತ್ತಿದ್ದಾರೆ, ಯಾರೋ ಕೇಕ್ ಕತ್ತರಿಸುತ್ತಿದ್ದಾರೆ, ಒಂದು ಬೆಕ್ಕು ಆಕಳಿಸುತ್ತಿದೆ. ಎಲ್ಲರ ಬಾಯಿಂದಲೂ ಬರುತ್ತಿರುವುದು ಲೊರೇನ್ ದನಿ. ಆಕೆಯ ಗಂಡನೊಬ್ಬನಿಗೆ ಅದು ಕೇಳಿಸುತ್ತಿರಲಿಲ್ಲ.

ಇನ್ನು ನಮ್ಮಪ್ಪನ ವಿಷಯ. ಮೈಸೂರಿನಲ್ಲಿ ನಲವತ್ತು ವರ್ಷ ಪಿಟೀಲು ಪಕ್ಕವಾದ್ಯ ನುಡಿಸಿದವರು. ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದರು. ವಿಮಾನ ನಿಂತಿತು, ಅಪ್ಪ ಉಳಿದರು. ಅವರ ಕಿವಿಗೂ ನಾನೇ ಮೆಷಿನ್ ಹಾಕಿದ್ದೆ, ಫ್ರಿಜ್ಜಿನ ಸದ್ದು ತಲೆ ತಿನ್ನುತ್ತದೆ ಎಂದದ್ದಕ್ಕೆ ಅದನ್ನು ತಗ್ಗಿಸಿಯೂ ಕೊಟ್ಟಿದ್ದೆ. ದಿನಾ ಬೆಳಿಗ್ಗೆ ಮೋಡದ ಬೆಳಕಿನಲ್ಲಿ ಗ್ಯಾರೇಜಿನ ಪಕ್ಕದ ಕೋಣೆಯಲ್ಲಿ ಶ್ರುತಿ ಪೆಟ್ಟಿಗೆ ಹಾಕಿಕೊಂಡು ಕೂರುತ್ತಿದ್ದರು. ಒಂದು ದಿನ ಕರೆದರು.

"ಶ್ರುತಿ ಪೆಟ್ಟಿಗೆ ಕೆಟ್ಟಿದೆ ಕಣಮ್ಮ. ಶುರುವಾಗುತ್ತೆ, ಆಮೇಲೆ ಒಳಗೆ ಹೋಗಿಬಿಡುತ್ತೆ."

ನನಗೆ ಚೆನ್ನಾಗೇ ಕೇಳಿಸುತ್ತಿತ್ತು. ಆದರೆ ಅಪ್ಪನ ಕಿವಿಯ ಮೇಲೆ ಅನುಮಾನ ಪಡುವುದಾದರೂ ಹೇಗೆ? ಕಛೇರಿಯಲ್ಲಿ ಕೂದಲೆಳೆಯಷ್ಟು ಶ್ರುತಿ ಹೆಚ್ಚುಕಮ್ಮಿಯಾದರೂ ಹುಬ್ಬು ಗಂಟಿಕ್ಕುತ್ತಿದ್ದವರು. ಪೆಟ್ಟಿಗೆಯದೇ ತಪ್ಪು ಎಂದು ಹೊಸದು ಆರ್ಡರ್ ಮಾಡಿದೆ. ಅದು ಬಂದದ್ದು ಆಗಸ್ಟಿನಲ್ಲಿ. ಆ ಹೊತ್ತಿಗೆ ಮೋಡ ಹೋಗಿ ಬಿಸಿಲು ಬಂದಿತ್ತು. ಅಪ್ಪ ಹೊಸ ಪೆಟ್ಟಿಗೆ ಹಾಕಿ, ಕಣ್ಣು ಮುಚ್ಚಿ, ಐದು ಎಣಿಸುವಷ್ಟರಲ್ಲಿ ಕಣ್ಣು ತೆರೆದರು.

"ಇದೂ ಹೋಗುತ್ತೆ," ಅಂದರು. ಮಗುವಿನ ಹಾಗೆ ಹೆದರಿಕೊಂಡಿದ್ದರು. "ಪೆಟ್ಟಿಗೆಯಲ್ಲ ಅಲ್ವೇನಮ್ಮ? ನಾನೇ ಅಲ್ವಾ?"

ಶುರುವಾಗುತ್ತೆ, ಹೋಗಿಬಿಡುತ್ತೆ. ಈ ಮಾತನ್ನು ನಾನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದೆ. ಅಪ್ಪನ ಕಿವಿಯಿಂದ ಮೆಷಿನ್ ತೆಗೆದು, ಡಾಕ್ಟರ ಸ್ಟೆತಾಸ್ಕೋಪಿನಂಥದೇ ನಮ್ಮ ಕೊಳವೆಗೆ ಸಿಕ್ಕಿಸಿ, ಶ್ರುತಿ ಪೆಟ್ಟಿಗೆ ಎದುರು ಹಿಡಿದು ಕೇಳಿದೆ. ಸದ್ದು ತುಂಬಿ ಬಂತು. ಎರಡು ಸೆಕೆಂಡು, ಮೂರು ಸೆಕೆಂಡು. ಆಮೇಲೆ ಯಾರೋ ಬಾಗಿಲು ಮುಚ್ಚಿದ ಹಾಗೆ ಕುಗ್ಗಿ ಹೋಯಿತು.

ಕಿವಿಯ ಮೆಷಿನ್ನಿಗೆ ಮಾತು ಬೇಕು. ಮಾತು ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಸದ್ದನ್ನು ಅದು ಫ್ರಿಜ್ಜು, ಫ್ಯಾನು, ಇಲ್ಲವೇ ತನ್ನದೇ ಶಿಳ್ಳೆ ಎಂದುಕೊಂಡು ಅದುಮಿ ಹಾಕುತ್ತದೆ. ಶ್ರುತಿಯನ್ನೂ ಅದುಮಿತ್ತು, ಲೊರೇನಳನ್ನೂ ಅದುಮಿತ್ತು. ಇದು ಹೊಸ ಸಂಗತಿಯಲ್ಲ. ಸಂಗೀತದವರಿಗೆಂದೇ ಬೇರೆ ಸೆಟ್ಟಿಂಗ್ ಇರುತ್ತದೆ, ನಾನೇ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿದ್ದೇನೆ. ಆದರೆ ವಯಸ್ಸಾದವರಿಗೆ ಗುಂಡಿ ಜಾಸ್ತಿಯಾದರೆ ಗಲಿಬಿಲಿಯಾಗುತ್ತದೆ ಎಂದು ಒಂದೇ ಸೆಟ್ಟಿಂಗ್ ಕೊಟ್ಟು ಕಳಿಸುವುದು ನನ್ನ ಅಭ್ಯಾಸವಾಗಿತ್ತು. ಆ ದಿನ ಅಪ್ಪನ ಮೆಷಿನ್ ಸರಿಮಾಡಿಕೊಟ್ಟು, ಕ್ಲಿನಿಕ್ಕಿಗೆ ಹೋಗಿ ಅರ್ನೆಸ್ಟರ ಗ್ರಾಫ್ ತೆರೆದು ಈ ಸಲ ನೋಡಿದೆ. ಲೊರೇನ್ ನಿಲ್ಲುವ ಜಾಗದಲ್ಲಿ ಅವರ ಕಿವಿ ಅಷ್ಟೇನೂ ಕೆಟ್ಟಿರಲಿಲ್ಲ. ಗೆರೆ ಬೀಳುವುದು ಅದರಿಂದಾಚೆ. ಒಂದು ನಿಮಿಷ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡದೆ ಅವರ ಹೆಂಡತಿ ಕಿವಿಯಲ್ಲಿಲ್ಲ ಎಂದು ಹೇಳಿ ಕಳಿಸಿದ್ದೆ.

ಡೆನೀಸ್‌ಗೆ ಫೋನ್ ಮಾಡಿದೆ. ತನ್ನಪ್ಪ ಹಟ ಹಿಡಿದು ಜುಲೈನಲ್ಲೇ ಲಾಸ್ ಏಂಜಲೀಸಿನ ತಮ್ಮ ಮನೆಗೆ ಹೋಗಿಬಿಟ್ಟರು, ತಾನು ವಾರಕ್ಕೆರಡು ಸಲ ಹೋಗಿಬರುತ್ತೇನೆ ಎಂದಳು. ಆ ಭಾನುವಾರ ಲ್ಯಾಪ್‌ಟಾಪ್ ಹಾಕಿಕೊಂಡು ಹೊರಟೆ. ಅಪ್ಪನೂ ಹತ್ತಿ ಕೂತರು. ಲಾಸ್ ಏಂಜಲೀಸ್ ಪಕ್ಕದ ಕ್ಯಾಲಬಾಸಸ್ ದೇವಸ್ಥಾನಕ್ಕೆ ಹೋಗಬೇಕು ಎಂದು ತಿಂಗಳಿಂದ ಹೇಳುತ್ತಿದ್ದರು, ಆ ದಿನ ಮಾತ್ರ "ದೇವರು ಎಲ್ಲಿಗೆ ಹೋಗ್ತಾನೆ, ಮೊದಲು ಅವರ ಮನೆಗೆ ನಡಿ" ಅಂದರು.

ಮುಂದೆ ಒಂದು ನಿಂಬೆ ಗಿಡವಿರುವ ಸಣ್ಣ ಮನೆ. ಗೋಡೆ ಮೇಲೆ ಬೇಸ್ ಗಿಟಾರ್ ನೇತುಹಾಕಿತ್ತು. ಅರ್ನೆಸ್ಟ್ ಇಳಿದುಹೋಗಿದ್ದರು. ನಾನು ಕೂರುವ ಮೊದಲೇ ಹೇಳಿದೆ, ತಪ್ಪು ನನ್ನದು, ಕಿವಿಯದಲ್ಲ. ಅವರು ಎರಡೂ ಮೆಷಿನ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ಸಂಗೀತದ ಸೆಟ್ಟಿಂಗ್ ಹಾಕಿಕೊಟ್ಟೆ, ಹತ್ತು ನಿಮಿಷದ ಕೆಲಸ. ಅಷ್ಟೇ ಇದ್ದದ್ದು.

ಸ್ಪೀಕರ್ ಮೇಜಿನ ಮೇಲಿಟ್ಟು ಹಾಡು ಹಾಕಿದೆವು. ಆರ್ಗನ್ ಬಂತು, ಗಂಡಸು ಬೇಡಿಕೊಂಡ, ಹೆಂಗಸರು ಉತ್ತರ ಕೊಟ್ಟರು. ಒಬ್ಬೊಬ್ಬರೇ ಸುಮ್ಮನಾದರು. ಲೊರೇನ್ ನಿಂತಳು. ಅರ್ನೆಸ್ಟರ ಬೆರಳು ಮಂಡಿಯ ಮೇಲೆ ಒತ್ತುವುದನ್ನು ನಿಲ್ಲಿಸಿತು. ಹನ್ನೊಂದು ಸೆಕೆಂಡೂ ಕೇಳಿದರು. ಇನ್ನೊಂದು ಸಲ ಹಾಕಿ ಅಂದರು. ಮೂರನೆಯ ಸಲ ಕಣ್ಣು ಮುಚ್ಚಿ, ತಲೆ ಸ್ಪೀಕರಿನ ಹತ್ತಿರ ತಂದರು.

"ಅವಳು ಆರ್ಗನ್ ಜೊತೆ ಸರಿಯಾಗಿ ಕೂತಿದ್ದಾಳೆ," ಅಂದರು ನಿಧಾನವಾಗಿ. "ನಾನೇ ಶ್ರುತಿಗಿಂತ ಮೇಲಿದ್ದೀನಿ."

ಅವರೇ ಮುಂದುವರಿಸಿದರು. "ಆ ಸ್ಟುಡಿಯೋದಲ್ಲಿ ಏಸಿ ಜೋರು, ಚಳಿ. ಚಳಿಗೆ ತಂತಿ ಬಿಗಿಯಾಗುತ್ತೆ. ನಾನು ಊಟ ಆದ ಮೇಲೆ ಮತ್ತೆ ಶ್ರುತಿ ಮಾಡಿಕೊಂಡಿರಲಿಲ್ಲ." ಆಮೇಲೆ ಅಪ್ಪನ ಕಡೆ ತಿರುಗಿದರು. ಇಬ್ಬರಿಗೂ ಕಿವಿಯಲ್ಲಿ ಒಂದೇ ಬಣ್ಣದ ಮೆಷಿನ್. "ನೀವು ಪಿಟೀಲಿನವರಲ್ಲವಾ. ನೀವು ಹೇಳಿ. ನಾನೇ ತಾನೇ?"

ಸುಳ್ಳು ಹೇಳಪ್ಪ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಪ್ಪನಿಗೆ ಸಂಗೀತದ ವಿಷಯದಲ್ಲಿ ಸುಳ್ಳು ಬರುವುದಿಲ್ಲ. ಹೌದು ಎಂದು ತಲೆಯಾಡಿಸಿದರು. ಆಮೇಲೆ ಕನ್ನಡದಲ್ಲಿ ಹೇಳಿ, ಅವರಿಗೆ ಹೇಳು ಎಂದು ನನ್ನ ಕಡೆ ನೋಡಿದರು.

"ಪಕ್ಕವಾದ್ಯದೋರು ನಾವು. ಹಾಡೋರು ಎಲ್ಲಿದ್ದಾರೋ ಅಲ್ಲಿಗೆ ನಾವು ಹೋಗಬೇಕು, ಅವರನ್ನ ನಮ್ಮ ಕಡೆ ಕರೀಬಾರದು. ನಾನೂ ಕರೆದಿದ್ದೀನಿ. ಎಷ್ಟೋ ಜನರನ್ನ. ಒಬ್ಬರ ಹತ್ರಾನೂ ತಪ್ಪಾಯ್ತು ಅನ್ನಲಿಲ್ಲ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅರ್ನೆಸ್ಟ್ ಎದ್ದು ಗೋಡೆಯ ಹತ್ತಿರ ಹೋಗಿ ಗಿಟಾರಿನ ತಂತಿ ಮುಟ್ಟಿದರು, ಮೀಟಲಿಲ್ಲ. ನಮಗೆ ಬೆನ್ನು ಮಾಡಿಕೊಂಡು "ಸಾರಿ, ಲೊರೇನ್," ಅಂದರು. ಜೋರಾಗೇ ಅಂದರು, ಪಕ್ಕದ ಕೋಣೆಯಲ್ಲಿ ಇರುವವರಿಗೆ ಹೇಳುವ ಹಾಗೆ. ಅಲ್ಲಿ ಯಾರೂ ಇರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಪೇಶೆಂಟಿಗೆ ತಡವಾಗಿಯಾದರೂ ಸರಿಮಾಡಿಕೊಟ್ಟೆ ಎಂದು ಮನೆಗೆ ಬರುತ್ತಿದ್ದೆ. ನಿಂಬೆ ಹಣ್ಣು ಕಿತ್ತು ಅಪ್ಪನ ಕೈಗೆ ಕೊಟ್ಟು, ಬಾಗಿಲವರೆಗೂ ಬಂದು ಅವರು ಕೇಳಿದರು:

"ಡಾಕ್, ಆ ಶೂ ಡಬ್ಬ. ಅದರಲ್ಲಿದ್ದದ್ದೂ ಕೇಳಿಸ್ತಿತ್ತಾ?"

ಆ 'ಇದ್ದದ್ದೂ' ನನಗೆ ತಟ್ಟಿತು. ಡಬ್ಬ ಎಲ್ಲಿ ಎಂದು ಕೇಳಿದೆ. ಜುಲೈನಲ್ಲಿ ಡೆನೀಸ್ ಮನೆಯಿಂದ ಹೊರಡುವಾಗ ಅವರೇ ಕೈಯಾರೆ ಹಳೆ ಸಾಮಾನು ದಾನ ಕೊಡುವ ಅಂಗಡಿಗೆ ಹಾಕಿ ಬಂದಿದ್ದರು. ಕೇಳಿಸದ ಮೇಲೆ ಅದನ್ನು ಕಣ್ಣೆದುರಿಗೆ ಇಟ್ಟುಕೊಳ್ಳುವುದು ಅವರ ಕೈಯಲ್ಲಿ ಆಗಲಿಲ್ಲ. ಮೂವತ್ತು ವರ್ಷದ ಭಾನುವಾರಗಳು. ನನ್ನ ನಯವಾದ ಒಂದು ವಾಕ್ಯ, ಆಮೇಲೆ ಎರಡು ಪದ, ಹೀಗೇ ಇರುತ್ತೆ.

ಗೊತ್ತಿಲ್ಲ ಎನ್ನಬಹುದಿತ್ತು. ಹಳೆಯ ಕ್ಯಾಸೆಟ್ಟು, ಟೇಪು ಹಾಳಾಗಿರುತ್ತಿತ್ತು ಎನ್ನಬಹುದಿತ್ತು. ಆದರೆ ಸಾರಿ ಬೇರೆ, ಸಮಾಧಾನ ಬೇರೆ ಎಂದು ನನಗೆ ಹೇಳಿಕೊಟ್ಟಿದ್ದವರೇ ಎದುರು ನಿಂತಿದ್ದರು.

"ಕೇಳಿಸ್ತಿತ್ತು," ಅಂದೆ. "ಎಲ್ಲಾ ಕೇಳಿಸ್ತಿತ್ತು. ನನ್ನನ್ನ ಕ್ಷಮಿಸಿ."

ಅವರು ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಹ್ಯಾಟು ತೆಗೆದು, ಅದರ ಒಳಗಡೆ ಏನೋ ಇದ್ದ ಹಾಗೆ ಸ್ವಲ್ಪ ಹೊತ್ತು ನೋಡಿ, ಮತ್ತೆ ಹಾಕಿಕೊಂಡರು.

"ಹಾಗಾದ್ರೆ ಒಳಗೆ ಬನ್ನಿ," ಅಂದರು. "ಅದನ್ನೇ ಇನ್ನೊಂದು ಸಲ ಹಾಕಿ."

ನಾವು ಮತ್ತೆ ಒಳಗೆ ಹೋಗಿ ಕೂತೆವು. ಆ ದಿನ ದೇವಸ್ಥಾನ ತಲುಪುವ ಹೊತ್ತಿಗೆ ಬಾಗಿಲು ಹಾಕಿತ್ತು. ಅಪ್ಪ ಹೊರಗಿನಿಂದಲೇ ಗೋಪುರಕ್ಕೆ ಕೈಮುಗಿದು, ದಾರಿಯುದ್ದಕ್ಕೂ ನಿಂಬೆಹಣ್ಣನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಸೋಮವಾರ ನಾನು ಆ ದಾನದ ಅಂಗಡಿಗೆ ಹೋದೆ. ಕೌಂಟರಿನ ಹೆಂಗಸು ಒಳ್ಳೆಯವಳು, ಹಿಂದಿನ ಕೋಣೆಗೂ ಬಿಟ್ಟಳು. ಕ್ಯಾಸೆಟ್ಟನ್ನು ಈಗ ಯಾರೂ ಕೊಳ್ಳುವುದಿಲ್ಲ, ಬಂದ ದಿನವೇ ಕಸಕ್ಕೆ ಹಾಕುತ್ತೇವೆ ಎಂದಳು. ಆದರೂ ಮಧ್ಯಾಹ್ನದವರೆಗೆ ಅಲ್ಲಿದ್ದ ಶೂ ಡಬ್ಬಗಳನ್ನೆಲ್ಲ ತೆರೆದು ನೋಡಿದೆ. ಬರೀ ಶೂಗಳಿದ್ದವು.

ಅರ್ನೆಸ್ಟ್ ಮರುವರ್ಷ ಹೋಗಿಬಿಟ್ಟರು. ಕೊನೆಯವರೆಗೂ ದಿನಕ್ಕೊಮ್ಮೆ ಹಾಡು ಹಾಕುತ್ತಿದ್ದರು ಎಂದು ಡೆನೀಸ್ ಹೇಳಿದಳು. ಅಪ್ಪ ಮೈಸೂರಿಗೆ ವಾಪಸು ಹೋದರು. ಹೋದವರು, ತಾವು ಹಿಂದೆ ಯಾರಿಗೆ ಪಕ್ಕವಾದ್ಯ ನುಡಿಸಿದ್ದರೋ ಅವರಲ್ಲಿ ಬದುಕಿದ್ದವರ ಮನೆಗೆಲ್ಲ ಒಬ್ಬರಾದ ಮೇಲೆ ಒಬ್ಬರಂತೆ ಹೋಗಿ ಬಂದರು. ಏನು ಮಾತಾಡಿದರೋ ನನಗೆ ಹೇಳಲಿಲ್ಲ. ನಾನು ಈಗ ಯಾರ ಕೈಮೇಲೂ ಕೈಯಿಟ್ಟು ಆ ವಾಕ್ಯ ಹೇಳುವುದಿಲ್ಲ. ಗ್ರಾಫ್ ನೋಡುತ್ತೇನೆ, ಆಮೇಲೆ ಇನ್ನೊಂದು ಸಲ ನೋಡುತ್ತೇನೆ.

ಹೋದ ಶನಿವಾರ ಸೂಪರ್ ಮಾರ್ಕೆಟ್ಟಿನಲ್ಲಿ ಗಂಡಸು ಸುಮ್ಮನಾದ, ಇಬ್ಬರು ಹೆಂಗಸರು ಸುಮ್ಮನಾದರು. ಲೊರೇನ್ ನಿಂತಳು. ಒಬ್ಬಾಕೆ ಸೌತೆಕಾಯಿ ಆರಿಸುತ್ತಾ ಗುನುಗಿಕೊಂಡಳು, ಗಾಡಿಯಲ್ಲಿ ಕೂತ ಅವಳ ಮಗು ಕಾಲು ಆಡಿಸಿತು. ಲೊರೇನ್ ದನಿಯಲ್ಲಿ ಈ ಭೂಮಿಯ ಮೇಲೆ ಉಳಿದಿರುವುದು ಇಷ್ಟೇ ಎಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಹನ್ನೊಂದು ಸೆಕೆಂಡು ಮುಗಿಯಿತು, ಬೇರೆ ಯಾವುದೋ ಹಾಡು ಬಂತು. ಒದ್ದೆ ತೋಳಿನಿಂದಲೇ ಮುಖ ಒರೆಸಿಕೊಂಡೆ. ಇನ್ನೊಂದು ಸಲ ಹಾಕಿ ಎಂದು ಕೇಳೋಣವೆಂದರೆ ಹಾಕುವವರು ಅಲ್ಲಿ ಯಾರೂ ಇರಲಿಲ್ಲ.